ಕಂಬಳಿ, ಧೋತರ, ಒಂದು ದೀಪ: ತೊಗಲು ಗೊಂಬೆಯಾಟದ ಕಥೆ

2025ರ ಜನವರಿಯಲ್ಲಿ ಪದ್ಮಶ್ರೀ ಪಟ್ಟಿ ಬಂದಾಗ ನಮ್ಮ ಬಾಗಲಕೋಟೆ ಕಡೆ ಎಲ್ಲರ ಮೊಬೈಲ್‌ನಲ್ಲೂ ಒಬ್ಬ ಅಜ್ಜಿಯ ಫೋಟೊ ಓಡಾಡಿತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ, ವಯಸ್ಸು 96. ತೊಗಲು ಗೊಂಬೆಯಾಟಕ್ಕೆ ಸಿಕ್ಕ ಪ್ರಶಸ್ತಿ. ಮೋರನಾಳ ನಮಗೇನೂ ದೂರದ ಊರಲ್ಲ. ಎಲ್ಲರೂ ಖುಷಿಪಟ್ಟರು, ಫೋಟೊ ಮುಂದೆ ಕಳಿಸಿದರು. ಆಮೇಲೆ ಒಂದು ಪ್ರಶ್ನೆ ಶುರುವಾಯಿತು. ಈ ಆಟ ಅಂದರೆ ನಿಜವಾಗಿ ಏನು? ಯಾರು ಆಡಿಸುತ್ತಾರೆ? ನಮ್ಮೂರಲ್ಲಿ ಇತ್ತಾ?

ನಮ್ಮ ಮನೆಯಲ್ಲಿ ಅಣ್ಣನ ಮಗ, ಆರನೇ ಕ್ಲಾಸಿನವನು, ಒಂದು ವಿಡಿಯೊ ನೋಡಿ ಕೇಳಿದ, "ಮುತ್ಯಾ, ಇದು ಕಾರ್ಟೂನ್ ಏನು?" ನಮ್ಮಪ್ಪ ಹೇಳಿದರು, "ಕಾರ್ಟೂನ್ ಅಲ್ಲೋ ತಮ್ಮಾ, ಕಾರ್ಟೂನಿನ ಮುತ್ಯಾ ಇದು." ಅಷ್ಟು ಹೇಳಿ ಅವರು ಸುಮ್ಮನಾದರು, ಆದರೆ ಹುಡುಗ ಬಿಡಲಿಲ್ಲ. ನೆರಳಿಗೆ ಬಣ್ಣ ಹೇಗೆ ಬರುತ್ತದೆ, ಗೊಂಬೆ ದೊಡ್ಡದು ಸಣ್ಣದು ಹೇಗಾಗುತ್ತದೆ, ಹಿಂದೆ ಎಷ್ಟು ಜನ ಇರುತ್ತಾರೆ. ಅವನಿಗೆ ಉತ್ತರ ಹೇಳಲು ಹೋಗಿ ನಾನೂ ಓದಿದೆ, ನೋಡಿದೆ, ಗೊತ್ತಿದ್ದವರನ್ನು ಕೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳು

ತೊಗಲು ಅಂದರೆ ಚರ್ಮ. ಆಡಿನ ಚರ್ಮವನ್ನು ಹದ ಮಾಡಿ, ತೆಳ್ಳಗೆ ಕೆರೆದು, ಅದರ ಮೇಲೆ ಚಿತ್ರ ಬರೆದು, ಕತ್ತರಿಸಿ ಮಾಡುವ ಚಪ್ಪಟೆ ಗೊಂಬೆಯೇ ತೊಗಲು ಗೊಂಬೆ. ಕೆಲವರು ಚಕ್ಕಳದ ಗೊಂಬೆ ಅಂತಲೂ ಅನ್ನುತ್ತಾರೆ. ನಮ್ಮ ಕಡೆ ಹಳ್ಳಿಯವರು ಸುಮ್ನೆ "ಗೊಂಬಿ ಆಟ" ಅಂದುಬಿಡುತ್ತಾರೆ.

ಇಲ್ಲೇ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುವುದು. ಸೂತ್ರದ ಗೊಂಬೆ ಬೇರೆ, ತೊಗಲು ಗೊಂಬೆ ಬೇರೆ. ಸೂತ್ರದ ಗೊಂಬೆ ಮರದ್ದು, ಮೈಕೈ ತುಂಬಿಕೊಂಡಿರುತ್ತದೆ, ಬಟ್ಟೆ ತೊಟ್ಟಿರುತ್ತದೆ, ಮೇಲಿಂದ ದಾರ ಹಿಡಿದು ಕುಣಿಸುತ್ತಾರೆ. ಅಲ್ಲಿ ನಾವು ನೋಡುವುದು ಗೊಂಬೆಯನ್ನೇ. ತೊಗಲು ಗೊಂಬೆಯಲ್ಲಿ ಹಾಗಲ್ಲ. ಎದುರಿಗೆ ಒಂದು ಬಿಳಿ ಬಟ್ಟೆ. ಅದರ ಹಿಂದೆ ಗೊಂಬೆ, ಅದರ ಹಿಂದೆ ದೀಪ. ಬಟ್ಟೆಯ ಮೇಲೆ ಬೀಳುವ ಬಣ್ಣದ ನೆರಳನ್ನು ನಾವು ಈ ಕಡೆ ಕೂತು ನೋಡುತ್ತೇವೆ.

ಆಡಿಸುವವರಿಗೂ ಊರಿಗೊಂದು ಹೆಸರು. ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು, ಕಟಬರು, ಕೆಲವು ಕಡೆ ಬುಂಡೇ ಬೆಸ್ತರು. ಬೆಸ್ತರು ಅನ್ನುವ ಹೆಸರು ಯಾಕೆ ಅಂದರೆ ಇವರ ಇನ್ನೊಂದು ಕಸುಬು ಮೀನು ಹಿಡಿಯುವುದು. ಹೊಳೆ ದಂಡೆಯಲ್ಲಿ ಬಲೆ, ಊರೊಳಗೆ ಗೊಂಬೆ. ಮನೆಯಲ್ಲಿ ಇವರು ಆಡುವ ಮಾತು ಮರಾಠಿಗೆ ಹತ್ತಿರದ್ದು. ಪರದೆಯ ಹಿಂದೆ ಕೂತರೆ ಅಚ್ಚ ಕನ್ನಡ. ಮರಾಠಿ ಸೀಮೆಯಿಂದ ತೆಂಕಣಕ್ಕೆ ಬಂದ ಜನ ಇವರು ಅಂತ ವಿದ್ವಾಂಸರು ಹೇಳುವುದಕ್ಕೆ ಮುಖ್ಯ ಆಧಾರ ಈ ಮನೆಮಾತೇ. ಆಂಧ್ರದ ತೋಲು ಬೊಮ್ಮಲಾಟದವರು, ತಮಿಳುನಾಡಿನ ತೋಲ್ ಪಾವೈಕೂತ್ತು ಆಡಿಸುವವರು ಕೂಡ ಮನೆಯಲ್ಲಿ ಮರಾಠಿಯಂಥದ್ದೇ ಮಾತಾಡುತ್ತಾರೆ. ಬೆಳಗಾವಿಯಲ್ಲಿ ಒಂದೇ ಮನೆಯೊಳಗೆ ಎರಡು ಭಾಷೆ ಕೇಳಿ ಬೆಳೆದವರಿಗೆ ಇದೇನು ಆಶ್ಚರ್ಯ ಅನ್ನಿಸುವುದಿಲ್ಲ, ಅಲ್ವಾ?

ಆಡಿನ ಚರ್ಮ ಗಾಜಿನ ಹಾಗೆ ಆಗುವುದು

ಹೋದ ವರ್ಷ ನಮ್ಮ ಊರಿನ ಕಾಲೇಜೊಂದರಲ್ಲಿ ಪ್ರದರ್ಶನ ಇತ್ತು. ಆಟಕ್ಕೆ ಮೊದಲೇ ಹೋಗಿ ಪರದೆಯ ಹಿಂದೆ ಕೂತಿದ್ದೆ. ಕಲಾವಿದರು ಹಿರಿಯರು, ಬಹಳ ಸಮಾಧಾನದ ಮನುಷ್ಯ. ಒಂದು ಹನುಮಂತನ ಗೊಂಬೆ ನನ್ನ ಕೈಗೆ ಕೊಟ್ಟರು. ಕೈಯಲ್ಲಿ ಹಿಡಿದಾಗ ಅದು ಒಣಗಿದ ಹಪ್ಪಳದ ಹಾಗೆ ಕಟಕಟ ಅನ್ನುತ್ತಿತ್ತು. ಬಣ್ಣ ಮಂಕು. ಒಂಥರಾ ಕಂದು ಕೆಂಪು, ಹೊಗೆ ಹಿಡಿದ ಹಾಗೆ. ಇಷ್ಟೇನಾ ಅನ್ನಿಸಿತು. "ಕಿಡಕಿ ಕಡೆ ಹಿಡದು ನೋಡ್ರಿ" ಅಂದರು. ಹಿಡಿದೆ. ಬಿಸಿಲು ಗೊಂಬೆಯೊಳಗಿಂದ ತೂರಿ ಬಂತು. ಮಂಕಾಗಿದ್ದ ಕೆಂಪು ದಾಸವಾಳದ ಹಾಗೆ ಹೊಳೆಯಿತು. ಹನುಮಂತನ ಕೊರಳ ಸರ, ತೋಳಬಂದಿ, ಸೊಂಟದ ಪಟ್ಟಿ ಎಲ್ಲಾ ಬೆಳ್ಳಗೆ ಬೆಳಗುವ ಚುಕ್ಕಿಗಳಾದವು. ಬೆರಳಿಂದ ಮುಟ್ಟಿ ನೋಡಿದರೆ ಆ ಒಡವೆಗಳೆಲ್ಲ ಬರೀ ತೂತು. ಜೋಳದ ಕಾಳಿಗಿಂತ ಸಣ್ಣ ತೂತು, ಸಾಲು ಸಾಲು.

ಇದು ಹೇಗೆ ಆಗುತ್ತದೆ ಅಂತ ಅವರೇ ವಿವರಿಸಿದರು. ಆಡಿನ ಚರ್ಮವನ್ನು ನೀರಲ್ಲಿ ನೆನೆಹಾಕುತ್ತಾರೆ. ಕೂದಲು, ಒಳಗಿನ ಕೊಬ್ಬು ಎಲ್ಲಾ ಕೆರೆದು ತೆಗೆಯುತ್ತಾರೆ. ಆಮೇಲೆ ಬಿಗಿಯಾಗಿ ಎಳೆದು ಕಟ್ಟಿ ಒಣಗಿಸುತ್ತಾರೆ. ಚಪ್ಪಲಿ ಮಾಡುವ ಚರ್ಮದ ಹಾಗೆ ಇದನ್ನು ಮೆತ್ತಗೆ ಮಾಡುವುದಿಲ್ಲ. ಮೆತ್ತಗಾದರೆ ಬೆಳಕು ತೂರುವುದಿಲ್ಲ, ಗೊಂಬೆ ಜೋಲು ಬೀಳುತ್ತದೆ. ಬಿರುಸಾಗಿ, ತೆಳ್ಳಗೆ, ಎಣ್ಣೆ ಕಾಗದದ ಹಾಗೆ ಇರಬೇಕು. ಅದರ ಮೇಲೆ ರೂಪ ಬರೆದು, ಸಣ್ಣ ಉಳಿಗಳಿಂದ ಒಡವೆ, ಸೆರಗು, ಕಿರೀಟದ ಕುಸುರಿ ಕೊರೆಯುತ್ತಾರೆ. ಹಿಂದೆ ಗಿಡ ಮಣ್ಣಿನ ಬಣ್ಣ, ದೀಪದ ಕಾಡಿಗೆಯ ಕಪ್ಪು. ಈಗ ಅಂಗಡಿಯ ಬಣ್ಣ. ಬಣ್ಣವನ್ನು ಎರಡೂ ಬದಿಗೆ ಹಚ್ಚುತ್ತಾರೆ. ಕೊನೆಗೆ ನಡುವೆ ಒಂದು ಬಿದಿರು ಕಡ್ಡಿಯನ್ನು ಸೀಳಿ, ಆ ಸೀಳಿನೊಳಗೆ ಗೊಂಬೆ ಸಿಕ್ಕಿಸಿ ಕಟ್ಟಿದರೆ ಹಿಡಿಕೆ ತಯಾರು.

ಹಿಂದೆ ದೇವರ ಗೊಂಬೆಗಳಿಗೆ ಜಿಂಕೆ ಚರ್ಮ ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ನಿಂತಿತು. ಹಳೇ ಗೊಂಬೆಗಳಲ್ಲಿ ಈಗಲೂ ಅದು ಕಾಣಸಿಗುತ್ತದೆ.

ಗೊಂಬೆ ಒಂದೇ ಅಳತೆಯದ್ದಲ್ಲ. ಗೇಣುದ್ದದ್ದೂ ಇದೆ, ನಾಲ್ಕು ಅಡಿ ಹತ್ತಿರದ್ದೂ ಇದೆ. ಸಾಮಾನ್ಯವಾಗಿ ದೇವರು, ರಾಜರು ದೊಡ್ಡವರು. ಸೇವಕರು, ಊರ ಮಂದಿ ಸಣ್ಣವರು. ಯಾರು ಎಷ್ಟು ಮುಖ್ಯ ಅನ್ನುವುದನ್ನು ಮಾತಿಲ್ಲದೆ ಹೇಳುವ ಉಪಾಯ ಇದು. ಒಬ್ಬನೇ ರಾಮನಿಗೆ ಎರಡು ಮೂರು ಗೊಂಬೆ. ಅರಮನೆಯ ರಾಮ ಬೇರೆ, ನಾರುಮಡಿ ಉಟ್ಟ ರಾಮ ಬೇರೆ, ಪಟ್ಟಾಭಿಷೇಕದ ರಾಮ ಇನ್ನೂ ಬೇರೆ. ಪಟ್ಟಾಭಿಷೇಕದಲ್ಲಂತೂ ಒಂದೇ ಚರ್ಮದ ತುಂಡಿನಲ್ಲಿ ರಾಮ, ಸೀತೆ, ತಮ್ಮಂದಿರು, ಹನುಮಂತ ಎಲ್ಲರೂ ಕೂಡಿ ಇರುತ್ತಾರೆ, ಫೋಟೊ ಸ್ಟುಡಿಯೊದಲ್ಲಿ ಮನೆಮಂದಿ ನಿಂತ ಹಾಗೆ. ನೀವು ಪಟ್ಟದಕಲ್ಲಿಗೆ ಹೋಗಿದ್ದರೆ ವಿರೂಪಾಕ್ಷ ಗುಡಿಯ ಕಂಬಗಳ ಮೇಲೆ ರಾಮಾಯಣ, ಭಾರತದ ಕಥೆಗಳನ್ನು ಪಟ್ಟಿ ಪಟ್ಟಿಯಾಗಿ ಕೆತ್ತಿರುವುದು ನೋಡಿರುತ್ತೀರಿ. ಎಂಟನೇ ಶತಮಾನದ ಕೆಲಸ. ಒಂದು ಚೌಕಟ್ಟಿನೊಳಗೆ ಒಂದು ಪ್ರಸಂಗವನ್ನೇ ಕೂರಿಸುವ ಆ ಜಾಣ್ಮೆಯೇ ಈ ಚರ್ಮದ ತುಂಡಿನಲ್ಲೂ ಕಾಣುತ್ತದೆ. ಅದು ಇದಕ್ಕೆ ಬಂತು ಅಂತ ನಾನು ಹೇಳುತ್ತಿಲ್ಲ. ಎರಡನ್ನೂ ಒಟ್ಟಿಗೆ ನೋಡಿದರೆ ಕಣ್ಣಿಗೆ ಬೇಗ ಅರ್ಥ ಆಗುತ್ತದೆ, ಅಷ್ಟೇ.

ನೆರಳಿನ ಲೆಕ್ಕ

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಗೋಡೆ ಕಡೆ ಹಿಡಿಯಿರಿ. ನಡುವೆ ನಿಮ್ಮ ಅಂಗೈ ತನ್ನಿ. ಕೈ ಗೋಡೆಗೆ ಹತ್ತಿರ ಇದ್ದರೆ ನೆರಳು ಕೈಯಷ್ಟೇ ಇರುತ್ತದೆ, ಅಂಚು ಚೊಕ್ಕ. ಟಾರ್ಚ್ ಕಡೆ ಕೈ ತಂದಷ್ಟೂ ನೆರಳು ದೊಡ್ಡದಾಗುತ್ತದೆ.

ಗೊಂಬೆಯಾಟದಲ್ಲಿ ನಡೆಯುವುದು ಇದೇ. ದೀಪ ಪರದೆಯಿಂದ ನಾಲ್ಕು ಅಡಿ ಹಿಂದೆ ಇದೆ ಅಂದುಕೊಳ್ಳಿ. ಒಂದು ಅಡಿಯ ಗೊಂಬೆ ಪರದೆಗೆ ಅಂಟಿಕೊಂಡಿದ್ದರೆ ಒಂದೇ ಅಡಿ ಕಾಣುತ್ತದೆ. ಅದನ್ನು ದೀಪಕ್ಕೂ ಪರದೆಗೂ ನಟ್ಟನಡುವೆ ತಂದರೆ ಎರಡು ಅಡಿ. ದೀಪದಿಂದ ಒಂದೇ ಅಡಿ ದೂರಕ್ಕೆ ತಂದರೆ ನಾಲ್ಕು ಅಡಿ. ಆದರೆ ದೊಡ್ಡದಾದಷ್ಟೂ ಅಂಚು ಮಸುಕಾಗುತ್ತದೆ, ಬಣ್ಣವೂ ತೆಳುವಾಗುತ್ತದೆ. ಹಾಗಾಗಿ ಮಾತಾಡುವ ಪಾತ್ರವನ್ನು ಪರದೆಗೆ ಒತ್ತಿ ಹಿಡಿಯುತ್ತಾರೆ. ರಾಕ್ಷಸ ಎಲ್ಲಿಂದಲೋ ನುಗ್ಗಿ ಬರಬೇಕು, ಯಾರೋ ಮಾಯವಾಗಬೇಕು ಅಂದಾಗ ಗೊಂಬೆ ದೀಪದ ಕಡೆ ಸರಿಯುತ್ತದೆ.

ಇನ್ನೊಂದು ಪ್ರಶ್ನೆ ಹುಡುಗ ಕೇಳಿದ್ದು. ಬಲಕ್ಕೆ ನೋಡುವ ಗೊಂಬೆ ಎಡಕ್ಕೆ ತಿರುಗಿ ಉತ್ತರ ಕೊಡುವುದು ಹೇಗೆ? ಗೊಂಬೆಯನ್ನು ಮಗುಚಿ ಹಿಡಿಯುತ್ತಾರೆ, ಅಷ್ಟೇ. ಬೆಳಕು ತೂರುವ ಚರ್ಮ, ಎರಡೂ ಬದಿ ಬಣ್ಣ, ಹಾಗಾಗಿ ಬೆನ್ನು ಅನ್ನುವುದೇ ಅದಕ್ಕಿಲ್ಲ. ಬೆರಳ ನಡುವೆ ಕಡ್ಡಿಯನ್ನು ಒಮ್ಮೆ ಹೊರಳಿಸಿದರೆ ರಾವಣ ಆ ಕಡೆ ತಿರುಗಿಬಿಡುತ್ತಾನೆ.

ದೀಪದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಎಣ್ಣೆ ದೀಪ ಸಣ್ಣ ಕುಡಿ. ಒಂದೇ ಕಡೆಯಿಂದ ಬೆಳಕು ಬರುವುದರಿಂದ ನೆರಳಿನ ಅಂಚು ಸ್ಪಷ್ಟ. ಜೊತೆಗೆ ಆ ಕುಡಿ ಗಾಳಿಗೆ ಅಲುಗುತ್ತಲೇ ಇರುತ್ತದೆ. ಕುಡಿ ಅಲುಗಿದರೆ ನೆರಳೂ ಅಲುಗುತ್ತದೆ. ಗೊಂಬೆ ಸುಮ್ನೆ ನಿಂತಿದ್ದರೂ ಉಸಿರಾಡಿದ ಹಾಗೆ ಕಾಣುತ್ತದೆ. ಆಮೇಲೆ ಗ್ಯಾಸ್ ಬತ್ತಿ ಬಂತು, ಆಮೇಲೆ ಬಲ್ಬ್. ಬೆಳಕು ಹೆಚ್ಚಾಯಿತು, ದೂರ ಕೂತವರಿಗೂ ಕಾಣಿಸಿತು, ಆದರೆ ಉಸಿರಾಟ ಹೋಯಿತು. ಟ್ಯೂಬ್‌ಲೈಟ್ ಹಾಕಿದರಂತೂ ಕೆಟ್ಟೇ ಹೋಗುತ್ತದೆ. ನಾಲ್ಕು ಅಡಿ ಉದ್ದದ ಬೆಳಕು ನಾಲ್ಕು ಅಡಿಯಿಂದಲೂ ಬೀಳುವುದರಿಂದ ನೆರಳಿಗೆ ಗಟ್ಟಿ ಅಂಚೇ ಇರುವುದಿಲ್ಲ.

ಬೀದಿಯಲ್ಲಿ ಒಂದು ರಾತ್ರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೇರಳದಲ್ಲಿ ಈ ಆಟ ಗುಡಿಗೆ ಸೇರಿದ್ದು. ಅಲ್ಲಿ ಭದ್ರಕಾಳಿ ಗುಡಿಗಳ ಆವರಣದಲ್ಲಿ ಇದಕ್ಕಾಗಿಯೇ ಕಟ್ಟಿದ ಕೂತ್ತುಮಾಡ ಅನ್ನುವ ಕಟ್ಟಡ ಇದೆ. ದೇವಿಗೆ ಕಂಬ ರಾಮಾಯಣ ಕೇಳಿಸುವ ಸೇವೆ ಅದು. ಎದುರು ಜನ ಒಬ್ಬರೂ ಇಲ್ಲದಿದ್ದರೂ ಆಟ ನಡೆಯುತ್ತದೆ, ಯಾಕೆಂದರೆ ದೇವಿ ನೋಡುತ್ತಾಳೆ.

ನಮ್ಮ ಕಡೆ ಆಟ ಬೀದಿಯದ್ದು. ಇಲ್ಲಿ ಜನ ಕೂಡಬೇಕು, ನಗಬೇಕು, ಬೆಳಗಿನ ತನಕ ಕೂರಬೇಕು. ಇಲ್ಲದಿದ್ದರೆ ಆಡಿಸುವವರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಗೊಂಬೆ ಚಪ್ಪಟೆ ಯಾಕೆ? ನೂರು ಗೊಂಬೆ ಒಂದರ ಮೇಲೊಂದು ಇಟ್ಟು ಒಂದೇ ಪೆಟ್ಟಿಗೆಯಲ್ಲಿ ಹೊತ್ತು ನಡೆಯಬಹುದು. ರಂಗಮಂಚ ಯಾಕೆ ಇಷ್ಟು ಸರಳ? ನಾಲ್ಕು ಕೋಲು, ಸುತ್ತ ಹೊದಿಸಲು ಕಂಬಳಿ, ಮುಂದೆ ಕಟ್ಟಲು ಒಂದು ಬಿಳಿ ಧೋತರ. ಕಂಬಳಿ, ಧೋತರ ಯಾವ ಊರಲ್ಲಾದರೂ ಸಿಗುತ್ತವೆ. ಕರಿ ಕಂಬಳಿ ಹೊರಗಿನ ಬೆಳಕು ಒಳಗೆ ಬರದಂತೆ, ಒಳಗಿನ ದೀಪದ ಬೆಳಕು ಹೊರಗೆ ಸೋರದಂತೆ ತಡೆಯುತ್ತದೆ. ಹಾಡು, ಮಾತು, ವಾದ್ಯ, ಗೊಂಬೆ ಎಲ್ಲಾ ಒಂದೇ ಮನೆಯವರ ಕೈಯಲ್ಲಿ ಯಾಕೆ? ಕೂಲಿ ಕೊಟ್ಟು ಮೇಳ ಕಟ್ಟುವಷ್ಟು ಆದಾಯ ಇಲ್ಲ. ಗಂಡ ಗೊಂಬೆ ಹಿಡಿದರೆ ಹೆಂಡತಿ ಹಾಡುತ್ತಾಳೆ, ಸೀತೆ ದ್ರೌಪದಿಯರ ಮಾತು ಹೇಳುತ್ತಾಳೆ. ಮಕ್ಕಳು ತಾಳ ಹಾಕುತ್ತ ಕಲಿಯುತ್ತವೆ. ದೊಡ್ಡಾಟದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಇಲ್ಲಿ ಪರದೆಯ ಹಿಂದೆ ಹೆಣ್ಣಿನ ದನಿ ಹೆಣ್ಣಿನದೇ ಆಗಿತ್ತು. ಭೀಮವ್ವನವರಿಗೆ ಸಿಕ್ಕ ಗೌರವದ ಹಿಂದೆ ಇಂಥ ಎಷ್ಟೋ ಹೆಣ್ಣುಮಕ್ಕಳ ದನಿ ಇದೆ ಅಂತ ನನಗೆ ಅನ್ನಿಸುತ್ತದೆ.

ಸುಗ್ಗಿ ಮುಗಿದು ರಾಶಿ ಮನೆಗೆ ಬಂದ ಮೇಲೆ ಆಟದ ಕಾಲ. ಮಳೆ ಇಲ್ಲ, ಜನರ ಕೈಯಲ್ಲಿ ಕೆಲಸ ಇಲ್ಲ, ಹಗೇವಿನಲ್ಲಿ ಕಾಳು ಇದೆ. ಆಟದವರು ಊರಿಗೆ ಬಂದು ಗೌಡರನ್ನು ಕಾಣುತ್ತಾರೆ. ಹಣಮಪ್ಪನ ಗುಡಿ ಮುಂದೆಯೋ, ಅಗಸಿ ಹತ್ತಿರದ ಬಯಲಲ್ಲೋ ಜಾಗ. ಯಾವ ಮನೆತನ ಯಾವ ಊರುಗಳಿಗೆ ಹೋಗಬೇಕು ಅನ್ನುವ ಹಂಚಿಕೆ ಅವರೊಳಗೆ ಇತ್ತು. ಒಬ್ಬರ ಊರಿಗೆ ಇನ್ನೊಬ್ಬರು ಹೋಗುವಂತಿರಲಿಲ್ಲ. ಆಟ ಮುಗಿದ ಮರುದಿನ ಮನೆ ಮನೆಗೆ ಹೋದರೆ ಜೋಳ, ಬೇಳೆ, ಹಳೇ ಸೀರೆ ಧೋತರ. ಟಿಕೀಟು ಇಲ್ಲದ ಈ ಥಿಯೇಟರಿಗೆ ದುಡ್ಡು ಬರುತ್ತಿದ್ದದ್ದು ಹೀಗೆ.

ಆಟ ಶುರುವಾಗುವುದು ಗಣಪತಿಯಿಂದ. ಹಿಂದೆಯೇ ಸರಸ್ವತಿ ಬರುತ್ತಾಳೆ. ಹಾರ್ಮೋನಿಯಂ, ಮದ್ದಲೆ, ತಾಳ, ಕೆಲವು ಮೇಳಗಳಲ್ಲಿ ಮುಖವೀಣೆ. ಗೊಂಬೆ ಹಿಡಿದವನ ಕಾಲಿಗೆ ಗೆಜ್ಜೆ. ಯುದ್ಧ ಬಂದರೆ ಕಾಲ ಕೆಳಗಿನ ಹಲಗೆಯನ್ನು ಧಡಧಡ ತುಳಿಯುತ್ತಾನೆ. ಎರಡೂ ಕೈಯಲ್ಲಿ ಗೊಂಬೆ, ಬಾಯಲ್ಲಿ ಮಾತು, ಕಾಲಲ್ಲಿ ಗುಡುಗು. ಕಾಲೇಜಿನಲ್ಲಿ ನಾನು ಹಿಂದೆ ಕೂತು ನೋಡಿದ್ದು ಇದನ್ನೇ. ಈ ಕಡೆ ಮಕ್ಕಳು ಭೀಮ ದುರ್ಯೋಧನರನ್ನು ನೋಡುತ್ತಿದ್ದರು, ಆ ಕಡೆ ಒಬ್ಬ ಮನುಷ್ಯ ಬೆವರಲ್ಲಿ ತೊಯ್ದು ಇಬ್ಬರ ಪರವಾಗಿಯೂ ತಾನೇ ಕಾದಾಡುತ್ತಿದ್ದ.

ಪ್ರಸಂಗಗಳು ರಾಮಾಯಣ, ಮಹಾಭಾರತದವು. ಅದರಲ್ಲಿ ವಿರಾಟಪರ್ವಕ್ಕೆ ವಿಶೇಷ ಜಾಗ. ಮಳೆ ಕೈಕೊಟ್ಟ ವರ್ಷ ಊರವರೇ ಕರೆಸಿ ಈ ಆಟ ಆಡಿಸುತ್ತಿದ್ದರು, ಮಳೆ ಬರುತ್ತದೆ ಅನ್ನುವ ನಂಬಿಕೆ. ದನಕರುಗಳಿಗೆ ರೋಗ ಬಂದಾಗಲೂ ಆಡಿಸುತ್ತಿದ್ದರು. ವಿಜಯಪುರದಂಥ ಬರದ ಸೀಮೆಯಲ್ಲಿ ಈ ನಂಬಿಕೆ ಎಷ್ಟು ಗಟ್ಟಿಯಾಗಿ ಬೇರು ಬಿಟ್ಟಿರಬೇಕು ಅಂತ ನಾವೇ ಊಹಿಸಬಹುದು. ಹಾಗಾಗಿ ಆಟದವರನ್ನು ಊರು ಬರೀ ಮನರಂಜನೆಯವರು ಅಂತ ನೋಡುತ್ತಿರಲಿಲ್ಲ.

ಕಿಳ್ಳೇಕ್ಯಾತ ಯಾರು?

ಸರಸ್ವತಿ ಹೋದ ಮೇಲೆ ಪರದೆಯ ಮೇಲೆ ಒಬ್ಬ ಬರುತ್ತಾನೆ. ಕರ್ರಗೆ, ಡೊಳ್ಳು ಹೊಟ್ಟೆ, ದಪ್ಪ ಮೂಗು, ಕೆದರಿದ ಕೂದಲು. ಅವನೇ ಕಿಳ್ಳೇಕ್ಯಾತ. ಅವನ ಹೆಂಡತಿ ಬಂಗಾರಕ್ಕ. ಇಬ್ಬರೂ ಬಂದರೆ ಜಗಳ ಶುರು. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಈ ಗೊಂಬೆಯ ಹೆಸರೇ ಆಡಿಸುವ ಜನಕ್ಕೂ ಬಂತು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಪ್ರಕಟಿಸಿದ ಸಂಪುಟಗಳಲ್ಲಿ ಕಿಳ್ಳೇಕ್ಯಾತರು ಇದ್ದಾರೆ. ಜಿಂಕೆ ಚರ್ಮದ ಮೇಲೆ ಬರೆದ ಚಿತ್ರಗಳನ್ನು ಹೊತ್ತು ಊರೂರು ತಿರುಗುವವರು ಅಂತಲೇ ಅಲ್ಲಿ ಅವರ ಪರಿಚಯ.

ಹಾಸ್ಯಗಾರ ಯಾಕೆ ಇಷ್ಟು ಮುಖ್ಯ? ಮೊದಲ ಕಾರಣ ತೀರಾ ಸರಳ. ರಾತ್ರಿಯಿಡೀ ನಡೆಯುವ ಆಟ. ನಡುರಾತ್ರಿ ಮಂದಿ ತೂಕಡಿಸುತ್ತಾರೆ. ಅಷ್ಟೊತ್ತಿಗೆ ಕಿಳ್ಳೇಕ್ಯಾತ ನುಗ್ಗಬೇಕು. ಎರಡನೆಯದು, ರಾಮನ ಬಾಯಲ್ಲಿ ಊರ ಸುದ್ದಿ ಹೇಳಿಸಲು ಬರುವುದಿಲ್ಲ. ರಾಮನ ಮಾತು ಮೊದಲೇ ಗೊತ್ತಿರುವಂಥದ್ದು, ಅವನ ಹಾಡೂ ಗೊತ್ತಿರುವಂಥದ್ದು. ಕಿಳ್ಳೇಕ್ಯಾತನ ಮಾತು ಆ ರಾತ್ರಿ ಹುಟ್ಟುತ್ತದೆ. ಈ ಊರಿನ ಜಿಪುಣ ಯಾರು, ಬಾವಿ ಕಟ್ಟೆ ಮೇಲೆ ಯಾರ ಜಗಳ ಆಯಿತು, ಸಾಹುಕಾರ ಅಳತೆಯಲ್ಲಿ ಎಷ್ಟು ಹೊಡೆದ, ಎಲ್ಲಾ ಅವನಿಗೆ ಗೊತ್ತು. ಎದುರು ಕೂತ ದೊಡ್ಡವರನ್ನೂ ಅವನು ಬಿಡುವುದಿಲ್ಲ. ಮಾತಾಡಿದ್ದು ಗೊಂಬೆ, ಅದೂ ನೆರಳು. ಯಾರ ಮೇಲೆ ಸಿಟ್ಟಾಗುವುದು? ಅವನ ಮಾತಿನಲ್ಲಿ ಪೋಲಿತನವೂ ಬೇಕಾದಷ್ಟು ಇರುತ್ತಿತ್ತು, ಈಗ ಶಾಲೆ ಕಾಲೇಜಿನ ಆಟಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ.

ಗಡಿ ದಾಟಿ ಆಂಧ್ರಕ್ಕೆ ಹೋದರೆ ಅಲ್ಲಿಯ ಪರದೆಯ ಮೇಲೂ ಬಂಗಾರಕ್ಕ ಇದ್ದಾಳೆ, ಅವಳ ಜೊತೆ ಕೇತಿಗಾಡು. ಕ್ಯಾತ, ಕೇತಿ, ಹೆಸರಲ್ಲೇ ನಂಟು ಕಾಣಿಸುತ್ತದೆ. ಜಾವಾ ದ್ವೀಪದ ವಾಯಾಂಗ್ ಆಟದಲ್ಲಿ ಪಾಂಡವರ ಜೊತೆ ಸೆಮಾರ್ ಅನ್ನುವ ಡೊಳ್ಳು ಹೊಟ್ಟೆಯ ಸೇವಕ ಇದ್ದಾನೆ. ಟರ್ಕಿಯಲ್ಲಿ ಆಟದ ಹೆಸರೇ ಹಾಸ್ಯಗಾರನದ್ದು, ಕರಗೋಜ್. ಗೆಳೆಯ ಹಜಿವಾತ್ ಜೊತೆ ಅವನದ್ದು ಮುಗಿಯದ ವಾದ. ಹಿಂದೆ ರಂಜಾನ್ ತಿಂಗಳ ರಾತ್ರಿಗಳಲ್ಲಿ ಕಾಫಿ ಅಂಗಡಿಗಳಲ್ಲಿ ಅವನ ಆಟ ನಡೆಯುತ್ತಿತ್ತು. ದೇಶ ಯಾವುದೇ ಇರಲಿ, ನೆರಳಾಟ ಜನರ ನಡುವೆ ಬಂದು ಕೂತ ಕಡೆಯೆಲ್ಲ ಇಂಥ ಒಬ್ಬ ಹುಟ್ಟಿಕೊಂಡಿದ್ದಾನೆ.

ಎಷ್ಟು ಹಳೆಯದು?

ಭಾರತದಲ್ಲಿ ಹುಟ್ಟಿತೋ, ಚೀನಾದಲ್ಲೋ, ಜಾವಾದಲ್ಲೋ ಅನ್ನುವ ವಾದ ವಿದ್ವಾಂಸರ ನಡುವೆ ಇನ್ನೂ ಮುಗಿದಿಲ್ಲ. ಚರ್ಮ, ಬಟ್ಟೆ, ಬಿದಿರು ಯಾವುದೂ ಸಾವಿರ ವರ್ಷ ಉಳಿಯುವಂಥದ್ದಲ್ಲ. ಹಾಗಾಗಿ ಬರಹಗಳೇ ಗತಿ.

ಜಾವಾದ 907ರ ಒಂದು ಶಾಸನದಲ್ಲಿ ಭೀಮನ ಕಥೆಯನ್ನು ವಾಯಾಂಗ್ ಆಗಿ ಆಡಿಸಿದ ಮಾತಿದೆ. ಚೀನಾದಲ್ಲಿ ಸುಂಗ್ ಅರಸರ ಕಾಲದಲ್ಲಿ, ಅಂದರೆ ಸುಮಾರು 11ನೇ ಶತಮಾನದ ಹೊತ್ತಿಗೆ, ಪೇಟೆಗಳಲ್ಲಿ ನೆರಳಾಟ ಜೋರಾಗಿತ್ತು. 13ನೇ ಶತಮಾನದ ಕೈರೋದಲ್ಲಿ ಇಬ್ನ್ ದಾನಿಯಾಲ್ ಅನ್ನುವವರು ನೆರಳಾಟಕ್ಕೆಂದೇ ನಾಟಕಗಳನ್ನು ಬರೆದರು. ಅವರ ವೃತ್ತಿ ಕಣ್ಣಿನ ವೈದ್ಯರದ್ದು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ನಮ್ಮ ಕಡೆಗೆ ಬಂದರೆ ನನಗೆ ಎಲ್ಲಕ್ಕಿಂತ ಹತ್ತಿರ ಅನ್ನಿಸುವುದು ಪಾಲ್ಕುರಿಕೆ ಸೋಮನಾಥ ಕವಿಯ ಮಾತು. 13ನೇ ಶತಮಾನದ ಸುಮಾರಿಗೆ ತೆಲುಗಿನಲ್ಲಿ ಬರೆದ ಪಂಡಿತಾರಾಧ್ಯ ಚರಿತ್ರೆಯಲ್ಲಿ ಶ್ರೀಶೈಲದ ಶಿವರಾತ್ರಿಯ ವರ್ಣನೆ ಬರುತ್ತದೆ. ಅಲ್ಲಿ ಕೂಡಿದ ನೂರೆಂಟು ಬಗೆಯ ಆಟಗಾರರಲ್ಲಿ, ಬಟ್ಟೆಯ ಮರೆಯಲ್ಲಿ ಬೊಂಬೆ ಆಡಿಸುತ್ತ ಭಾರತ ಮೊದಲಾದ ಕಥೆ ತೋರಿಸುವವರೂ ಇದ್ದಾರೆ. ಇವತ್ತಿಗೂ ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಯುಗಾದಿ ಹೊತ್ತಿಗೆ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುತ್ತಾರಲ್ಲ, ಅದೇ ಶ್ರೀಶೈಲ.

17ನೇ ಶತಮಾನದ ನೀಲಕಂಠ ಅನ್ನುವ ಪಂಡಿತರು ಮಹಾಭಾರತಕ್ಕೆ ವ್ಯಾಖ್ಯಾನ ಬರೆದರು. ಮೂಲತಃ ಮಹಾರಾಷ್ಟ್ರದವರು, ಕಾಶಿಯಲ್ಲಿ ನೆಲೆಸಿದ್ದವರು. ಶಾಂತಿಪರ್ವದಲ್ಲಿ "ರೂಪೋಪಜೀವನ" ಅನ್ನುವ ಪದ ಬರುತ್ತದೆ. ಅದಕ್ಕೆ ಅವರು ಕೊಡುವ ಅರ್ಥ ಕೇಳಿ. ದಕ್ಷಿಣದವರಲ್ಲಿ ಇದು ಜಲಮಂಡಪಿಕಾ ಅಂತ ಹೆಸರಾಗಿದೆ, ತೆಳ್ಳಗಿನ ಬಟ್ಟೆ ಅಡ್ಡ ಕಟ್ಟಿ ಚರ್ಮದ ಆಕಾರಗಳಿಂದ ರಾಜರು ಮಂತ್ರಿಗಳು ಮೊದಲಾದವರ ನಡವಳಿಕೆ ತೋರಿಸುತ್ತಾರೆ. ಮಹಾಭಾರತದ ಕಾಲಕ್ಕೆ ಆ ಪದದ ಅರ್ಥ ಇದೇ ಆಗಿತ್ತಾ ಅನ್ನುವುದು ಬೇರೆ ಪ್ರಶ್ನೆ. 17ನೇ ಶತಮಾನದಲ್ಲಿ ನಮ್ಮ ದಕ್ಷಿಣದ ಗೊಂಬೆಯಾಟ ಕಾಶಿಯ ಪಂಡಿತರಿಗೂ ಗೊತ್ತಿರುವಷ್ಟು ಹೆಸರು ಮಾಡಿತ್ತು ಅನ್ನುವುದಕ್ಕೆ ಮಾತ್ರ ಇದು ಗಟ್ಟಿ ಸಾಕ್ಷಿ.

ಯುರೋಪಿಗೆ ಇದು ತಡವಾಗಿ ಹೋಯಿತು. ಫ್ರಾನ್ಸಿನವರು 18ನೇ ಶತಮಾನದಲ್ಲಿ ಇದನ್ನು "ಚೀನಾದ ನೆರಳುಗಳು" ಅಂತ ಕರೆದು ಅರಮನೆಯಲ್ಲಿ ನೋಡಿದರು. 19ನೇ ಶತಮಾನದ ಲಂಡನ್ ಬೀದಿಗಳಲ್ಲಿ ಹಗಲು ಕೈಗೊಂಬೆ ಆಡಿಸುವವರು ಕತ್ತಲಾದ ಮೇಲೆ ಅದೇ ಡೇರೆಯ ಮುಂದೆ ಬಿಳಿ ಬಟ್ಟೆ ಕಟ್ಟಿ, ಹಿಂದೆ ಮೇಣದ ಬತ್ತಿ ಹಚ್ಚಿ ನೆರಳಾಟ ತೋರಿಸುತ್ತಿದ್ದರು. ಅದಕ್ಕೆ ಗ್ಯಾಲಂಟಿ ಶೋ ಅಂತ ಹೆಸರು. ಕೊನೆಗೆ ತಟ್ಟೆ ಹಿಡಿದು ಕಾಸು ಕೇಳುವುದು. ನಮ್ಮ ಜೋಳದ ಜಾಗದಲ್ಲಿ ಅಲ್ಲಿ ಪೆನ್ನಿ. 1926ರಲ್ಲಿ ಜರ್ಮನಿಯ ಲೋಟೆ ರೈನಿಗರ್ ಅನ್ನುವ ಕಲಾವಿದೆ ಕತ್ತರಿಸಿದ ನೆರಳು ಚಿತ್ರಗಳನ್ನೇ ಒಂದೊಂದಾಗಿ ಸರಿಸಿ, ಕ್ಯಾಮೆರಾದಲ್ಲಿ ಹಿಡಿದು ಪೂರ್ಣ ಪ್ರಮಾಣದ ಸಿನಿಮಾ ಮಾಡಿದರು. ನಮ್ಮಪ್ಪನ "ಕಾರ್ಟೂನಿನ ಮುತ್ಯಾ" ಅನ್ನುವ ಮಾತು ಸರಿಯೇ ಇತ್ತು ಅಂತ ಇದನ್ನು ಓದಿದಾಗ ಅನ್ನಿಸಿತು.

ಬೀದಿಯಿಂದ ಯಾಕೆ ಹೋಯಿತು

ಸಿನಿಮಾ ಬಂತು, ಟಿವಿ ಬಂತು ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆ ಹೊತ್ತಿಗೆ ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕಿದರೆ, ಆ ಮೈಕು ಲೈಟುಗಳ ಎದುರು ಒಂದು ಧೋತರದ ಪರದೆ ಎಲ್ಲಿ ನಿಲ್ಲಬೇಕು? ಆದರೆ ಜನ ಅಷ್ಟಾಗಿ ನೆನೆಯದ ಒಂದು ಕಾರಣ ಕರೆಂಟು. ಬೀದಿ ಬೀದಿಗೆ ಲೈಟ್ ಕಂಬ ಬಂದ ಮೇಲೆ ಊರಲ್ಲಿ ಕತ್ತಲೇ ಉಳಿಯಲಿಲ್ಲ. ಕತ್ತಲು ಇಲ್ಲದ ಕಡೆ ನೆರಳಾಟ ಹೇಗೆ ಆಡುವುದು? ಜೊತೆಗೆ ಕಾಳು ಕೊಡುವ ಪದ್ಧತಿ ನಿಂತಿತು. ಗೌಡಕಿ ಹೋಯಿತು, ಊರು ಹಂಚಿಕೆಗೆ ಅರ್ಥ ಉಳಿಯಲಿಲ್ಲ. ಅಲೆದಾಡುವ ಮನೆತನದ ಮಕ್ಕಳು ಶಾಲೆಗೆ ಹೋಗಬೇಕಾದರೆ ಒಂದೇ ಕಡೆ ನಿಲ್ಲಬೇಕು, ಮತ್ತು ಅವರು ಶಾಲೆಗೆ ಹೋಗಲೇಬೇಕು. ಎಷ್ಟೋ ಮನೆಗಳು ಮೀನು ಹಿಡಿಯುವುದು, ಕೂಲಿ, ಪಾತ್ರೆ ವ್ಯಾಪಾರದ ಕಡೆ ಹೊರಳಿದವು.

ಪೂರ್ತಿ ನಿಂತಿಲ್ಲ. ಕಲಾವಿದ ಎಂ.ಎಸ್. ನಂಜುಂಡರಾವ್ ಊರೂರು ತಿರುಗಿ ಹಳೇ ಗೊಂಬೆಗಳನ್ನು ಕೂಡಿಸಿದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅವುಗಳನ್ನು ನೋಡಬಹುದು. ರಾಮನಗರದ ಜಾನಪದ ಲೋಕದಲ್ಲೂ ಸಂಗ್ರಹ ಇದೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಗಾಂಧೀಜಿಯ ಬದುಕನ್ನೇ ಗೊಂಬೆಯಾಟ ಮಾಡಿ ತೋರಿಸಿದರು. ಸಾಕ್ಷರತೆ, ಆರೋಗ್ಯದ ಪ್ರಚಾರಕ್ಕೂ ಗೊಂಬೆಗಳು ಪರದೆ ಏರಿವೆ. ಗಡಿಯಾಚೆ ನೋಡಿದರೆ, ಬೆಳಗಾವಿಯಿಂದ ಅಂಬೋಲಿ ಘಾಟ್ ಇಳಿದು ಸಿಂಧುದುರ್ಗಕ್ಕೆ ಹೋದರೆ ಕುಡಾಳ ಹತ್ತಿರ ಪಿಂಗುಳಿ ಅನ್ನುವ ಊರಿದೆ. ಅಲ್ಲಿಯ ಠಾಕರ್ ಜನ ಚಿತ್ರಕಥಿ, ಅಂದರೆ ಚಿತ್ರ ತೋರಿಸುತ್ತ ಕಥೆ ಹೇಳುವುದು, ಮತ್ತು ಚರ್ಮದ ಗೊಂಬೆಯಾಟವನ್ನು ಉಳಿಸಿಕೊಂಡಿದ್ದಾರೆ. 2021ರಲ್ಲಿ ಅಲ್ಲಿಯ ಪರಶುರಾಮ ಗಂಗಾವಣೆ ಅವರಿಗೂ ಪದ್ಮಶ್ರೀ ಬಂತು. ನಮ್ಮ ಬಾಗಲಕೋಟೆಯಲ್ಲೇ ಕರ್ನಾಟಕ ಬಯಲಾಟ ಅಕಾಡೆಮಿ ಇದೆ. ದೊಡ್ಡಾಟ, ಸಣ್ಣಾಟ, ಪಾರಿಜಾತದ ಜೊತೆ ತೊಗಲು ಗೊಂಬೆಯಾಟವೂ ಅದರ ಕೆಲಸದೊಳಗೆ ಬರುತ್ತದೆ.

ಬದಲಾದದ್ದು ಹೊತ್ತು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಈಗ ಉತ್ಸವದ ವೇದಿಕೆಯಲ್ಲಿ ಒಂದು ತಾಸು, ಕೆಲ ಸಲ ಇಪ್ಪತ್ತೇ ನಿಮಿಷ. ಅಷ್ಟರಲ್ಲಿ ಯುದ್ಧ ತೋರಿಸಬಹುದು, ಹನುಮಂತನ ಬಾಲಕ್ಕೆ ಬೆಂಕಿ ಹಚ್ಚಬಹುದು. ಕಿಳ್ಳೇಕ್ಯಾತ ಊರಿನ ಸುದ್ದಿ ಎತ್ತಿಕೊಂಡು ಹರಟೆ ಹೊಡೆಯಲು ಮಾತ್ರ ಆಗುವುದಿಲ್ಲ. ಅವನಿಗೆ ಊರು ಬೇಕು, ಪುರುಸೊತ್ತು ಬೇಕು. ಅವಕಾಶ ಸಿಕ್ಕರೆ ಒಂದು ಪೂರ್ತಿ ರಾತ್ರಿಯ ಆಟ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಆ ದಿನ ಕಾಲೇಜಿನಲ್ಲಿ ಆಟ ಮುಗಿದ ಮೇಲೆ ಗೊಂಬೆಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದರು. ಒಂದು ಕಿಳ್ಳೇಕ್ಯಾತನ ಗೊಂಬೆ ಬಹಳ ಹಳೆಯದು. ಅಂಚು ಸೀಳಿತ್ತು, ಒಂದು ಕೈ ಅರ್ಧ ಇರಲಿಲ್ಲ. ಹರಿದ ಗೊಂಬೆಯನ್ನು ಇವರು ತಿಪ್ಪೆಗೆ ಎಸೆಯುವುದಿಲ್ಲ. ಪೂಜೆ ಮಾಡಿ ಹೊಳೆಗೆ ಬಿಡುತ್ತಾರೆ. ಇದನ್ನು ಯಾವಾಗ ಬಿಡುತ್ತೀರಿ ಅಂತ ಕೇಳಿದೆ. ಅವರು ಅದರ ಹೊಟ್ಟೆ ಮೇಲೆ ಬೆರಳಾಡಿಸಿ, ಉಳಿದವುಗಳ ಮೇಲೆ ಇಟ್ಟು, ಮುಚ್ಚಳ ಹಾಕುತ್ತ ಹೇಳಿದರು, "ಕೈ ಅಷ್ಟ ಹೋಗೇತ್ರಿ. ಮಂದೀನ ಇನ್ನೂ ನಗಸ್ತಾನ. ಈಗ ಹೊಳಿಗೆ ಬಿಡಾಂಗಿಲ್ಲ."